ಚೀನೀ ಮನೆಮಾತಿನ ಪುಟ್ಟ ಮಕ್ಕಳಿಗೆ ಅವರದೇ ಹಬ್ಬಗಳ ಮೂಲಕ ಇಂಗ್ಲಿಷ್ ಕಲಿಸುವುದು ಹೇಗೆ?

ಪ್ರಶ್ನೆ (ಶಿಂಚು, ತೈವಾನ್)

ಎಲ್ಲರಿಗೂ ನಮಸ್ಕಾರ. ನಾವಿರುವ ವಸತಿ ಸಮುಚ್ಚಯದಲ್ಲಿ ಐದಾರು ವರ್ಷದ ಮಕ್ಕಳ ಒಂದು ಸಣ್ಣ ಗುಂಪಿಗೆ ಶನಿವಾರ ಬೆಳಿಗ್ಗೆ ಇಂಗ್ಲಿಷ್ ಮಾತು ಕಲಿಸುತ್ತಿದ್ದೇನೆ. ಮಕ್ಕಳೆಲ್ಲರ ಮನೆಮಾತು ಮ್ಯಾಂಡರಿನ್. ನನಗೆ ಆ ಭಾಷೆ ಅಂಗಡಿ, ಬಸ್ಸಿನ ವ್ಯವಹಾರಕ್ಕೆ ಸಾಲುವಷ್ಟು ಮಾತ್ರ ಬರುತ್ತದೆ. ನನ್ನ ಬಳಿಯಿರುವ ಪುಸ್ತಕಗಳಲ್ಲಿ ಹಬ್ಬವೆಂದರೆ ಹ್ಯಾಲೋವೀನ್, ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್. ಮಕ್ಕಳು ಚಿತ್ರ ನೋಡಿ 'ಪಂಪ್ಕಿನ್', 'ಟರ್ಕಿ' ಎಂದು ಒಪ್ಪಿಸುತ್ತಾರೆ, ಆದರೆ ಆ ಹಬ್ಬಗಳ ಬಗ್ಗೆ ಅವರಿಗೆ ಹೇಳಬೇಕೆನಿಸುವ ಸಂಗತಿ ಏನೂ ಇಲ್ಲದ ಕಾರಣ ಮಾತು ಅಲ್ಲಿಗೇ ನಿಲ್ಲುತ್ತದೆ. 2026ರ ಸೆಪ್ಟೆಂಬರ್ 25ರಂದು ಇಲ್ಲಿ ಚಂದ್ರನ ಹಬ್ಬ, ಅಂದರೆ ಚೀನೀ ಪಂಚಾಂಗದ ಎಂಟನೆಯ ತಿಂಗಳ ಹದಿನೈದನೆಯ ದಿನ. ಅದನ್ನೇ ಪಾಠಕ್ಕೆ ಬಳಸಿಕೊಳ್ಳುವ ಆಸೆಯಿದೆ. ಎಲ್ಲಿಂದ ಆರಂಭಿಸಲಿ? ಅವರ ಹಬ್ಬದ ಬಗ್ಗೆ ನನಗಿಂತ ಮಕ್ಕಳಿಗೇ ಹೆಚ್ಚು ತಿಳಿದಿರುವುದು ತೊಡಕಾಗುವುದಿಲ್ಲವೇ?

ಉತ್ತರ 1 (ತೈಪೆ)

ಮಕ್ಕಳಿಗೆ ಹೆಚ್ಚು ತಿಳಿದಿರುವುದೇ ನಿಮ್ಮ ಬಂಡವಾಳ. ಹ್ಯಾಲೋವೀನ್ ಪಾಠದಲ್ಲಿ ಮಗುವಿಗೆ ಆಚರಣೆಯೂ ಹೊಸದು, ಶಬ್ದವೂ ಹೊಸದು. ತನ್ನ ಮನೆಯ ಹಬ್ಬದಲ್ಲಾದರೆ ಹೊಸದಾಗಿ ಕಲಿಯಬೇಕಾದದ್ದು ಶಬ್ದವೊಂದೇ. ಆದ್ದರಿಂದ ಹಬ್ಬವನ್ನು ವಿವರಿಸುವ ಕೆಲಸವನ್ನು ಮಕ್ಕಳಿಗೆ ಬಿಟ್ಟು, ನೀವು ನಿಜವಾದ ಕುತೂಹಲದಿಂದ ಕೇಳುವವರಾಗಿ ಕುಳಿತುಕೊಳ್ಳಿ. ಚಂದ್ರಲೋಕ ಸೇರಿದ ಚಾಂಗ್‌ಅ ದೇವಿಯ ಕಥೆ ಎಲ್ಲರಿಗೂ ಪ್ರಿಯವಾದರೂ ಅದರಲ್ಲಿ ಬಿಲ್ಲುಗಾರ, ಅಮೃತ, ಹತ್ತು ಸೂರ್ಯರು ಎಲ್ಲ ಬರುವುದರಿಂದ ಮೊದಲ ವಾರಕ್ಕೆ ಅದು ಭಾರವಾಗುತ್ತದೆ.

ನನ್ನ ಸಲಹೆಯೆಂದರೆ ಒಂದು ಚಕ್ಕೋತ ಹಣ್ಣು ತನ್ನಿ. ನಮ್ಮ ದೇವನಹಳ್ಳಿಯ ಕಡೆಯವರಿಗೆ ಪರಿಚಯ ಹೇಳಬೇಕಾಗಿಲ್ಲದ ಈ ಹಣ್ಣು ತೈವಾನಿನಲ್ಲಿ ಚಂದ್ರನ ಹಬ್ಬದ ಹೊತ್ತಿಗೇ ಮಾರುಕಟ್ಟೆಗೆ ಬರುತ್ತದೆ, ಮತ್ತು ಅದರ ಸಿಪ್ಪೆಯನ್ನು ಟೊಪ್ಪಿಗೆಯಂತೆ ಮಕ್ಕಳ ತಲೆಗೆ ಇಡುವುದು ಇಲ್ಲಿ ಮನೆಮನೆಯ ರೂಢಿ. ಚಾಕುವನ್ನು ನೀವೇ ಹಿಡಿದು ಹಣ್ಣಿನ ತುದಿ ತೆಗೆಯಿರಿ, ಮೇಲಿನಿಂದ ಕೆಳಗಿನವರೆಗೆ ಐದಾರು ಗೀರು ಹಾಕಿ, ಬುಡದಲ್ಲಿ ಬಿಡದಂತೆ ಸಿಪ್ಪೆಯನ್ನು ಎಸಳೆಸಳಾಗಿ ಬಿಡಿಸಿ. ಈ ಕೆಲಸ ನಡೆಯುವಾಗ 'ಲುಕ್', 'ಸ್ಮೆಲ್ ಇಟ್', 'ಪುಲ್', 'ಪುಲ್ ಹಾರ್ಡ್', 'ಪುಟ್ ಇಟ್ ಆನ್' ಎಂಬ ಮಾತುಗಳನ್ನಷ್ಟೇ ಮತ್ತೆ ಮತ್ತೆ ಹೇಳುತ್ತಿರಿ. ಮಕ್ಕಳು ಬಾಯಿ ಬಿಡದಿದ್ದರೂ ಕೈ ಚಾಚಿ ಎಳೆದರೆ ಅವರು ಮಾತನ್ನು ಗ್ರಹಿಸಿದ್ದಾರೆ ಎಂದೇ ಅರ್ಥ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಷರ್ 1960ರ ದಶಕದಲ್ಲಿ ರೂಪಿಸಿದ ವಿಧಾನದ ತಿರುಳು ಇದೇ: ಮೊದಲು ದೇಹ ಮಾತಿಗೆ ಸ್ಪಂದಿಸಲಿ, ಉಚ್ಚಾರ ತಾನಾಗಿ ಹಿಂಬಾಲಿಸಲಿ. ಟೊಪ್ಪಿಗೆ ಒಂದೇ ಇದ್ದು ತಲೆಗಳು ಹಲವಿರುವಾಗ 'ಮೈ ಟರ್ನ್' ಎನ್ನುವುದನ್ನು ಯಾರೂ ಕಲಿಸಬೇಕಾಗುವುದಿಲ್ಲ.

ತೊಳೆಗಳನ್ನು ಹಂಚುವಾಗ, ಈ ಹಬ್ಬದ ತಿನಿಸಾದ ಮೂನ್‌ಕೇಕ್ ಕತ್ತರಿಸುವಾಗ ಎಣಿಕೆ ಬರುತ್ತದೆ. ಮ್ಯಾಂಡರಿನ್‌ನಲ್ಲಿ ಸಂಖ್ಯೆಯ ಜೊತೆ ಅಳತೆಯ ಪದವೊಂದು ಸೇರುತ್ತದೆಯೇ ಹೊರತು ನಾಮಪದ ಬದಲಾಗುವುದಿಲ್ಲ. ಆದ್ದರಿಂದ 'ತ್ರೀ ಮೂನ್‌ಕೇಕ್' ಎಂದು ಮಗು ಹೇಳುವುದು ಸಹಜ. ತಪ್ಪೆಂದು ತಡೆಯಬೇಡಿ. 'ಯೆಸ್, ತ್ರೀ ಮೂನ್‌ಕೇಕ್ಸ್!' ಎಂದು ಸಂತೋಷದಿಂದ ಮರುನುಡಿದು ಮುಂದೆ ಸಾಗಿರಿ.

ಉತ್ತರ 2 (ಸಿಂಗಪುರ)

ಮೇಲಿನ ಉತ್ತರವನ್ನು ಪೂರ್ಣವಾಗಿ ಒಪ್ಪುತ್ತೇನೆ. ಉಚ್ಚಾರದ ಬಗ್ಗೆ ಒಂದು ಮಾತು ಸೇರಿಸಬೇಕು. ಮ್ಯಾಂಡರಿನ್ ಉಚ್ಚಾರಾಂಶಗಳು ಸ್ವರದಲ್ಲಿ ಅಥವಾ ಕೆಲವೇ ಅನುನಾಸಿಕ ಧ್ವನಿಗಳಲ್ಲಿ ಮುಗಿಯುತ್ತವೆ. ಹೀಗಾಗಿ 'ರೆಡ್', 'ಎಗ್', 'ಕೇಕ್' ಮೊದಲಾದ ಪದಗಳ ಕೊನೆಯ ವ್ಯಂಜನವನ್ನು ಮಕ್ಕಳು ನುಂಗುತ್ತಾರೆ ಅಥವಾ ಅದಕ್ಕೊಂದು ಸ್ವರ ಅಂಟಿಸುತ್ತಾರೆ. ಬಸ್ಸು, ಕಾರು, ಪೆನ್ನು ಎನ್ನುವ ನಮಗೆ ಇದು ಬೇಗ ಅರ್ಥವಾಗಬೇಕು. ಪದವನ್ನು ಬಿಡಿಯಾಗಿ ಉರು ಹೊಡೆಸುವ ಬದಲು ಸ್ವರದಿಂದ ಆರಂಭವಾಗುವ ಇನ್ನೊಂದು ಪದದ ಹಿಂದೆ ಇಡಿ: 'ರೆಡ್ ಎನ್ವಲಪ್' ಎಂದಾಗ ಕೊನೆಯ ವ್ಯಂಜನ ಮುಂದಿನ ಪದಕ್ಕೆ ಜಾರಿ ಸುಲಭವಾಗಿ ಹೊರಬರುತ್ತದೆ. ಚೀನೀ ಹೊಸ ವರ್ಷಕ್ಕೆ ಹಣವಿಟ್ಟು ಮಕ್ಕಳಿಗೆ ಕೊಡುವ ಕೆಂಪು ಲಕೋಟೆಗೆ ಈ ಜೋಡಿ ಹೇಳಿ ಮಾಡಿಸಿದಂತಿದೆ.

ಹೊಸ ವರ್ಷದ ಪಾಠಕ್ಕೆ, ಚೀನೀ ವರ್ಷಗಳಿಗೆ ಸರದಿಯಂತೆ ಹೆಸರು ಕೊಡುವ ಹನ್ನೆರಡು ಪ್ರಾಣಿಗಳ ಓಟದ ಕಥೆಗಿಂತ ಒಳ್ಳೆಯ ಸಾಮಗ್ರಿ ಇಲ್ಲವೆಂದೇ ನನ್ನ ಅಭಿಪ್ರಾಯ. ಎತ್ತಿನ ಬೆನ್ನೇರಿ ಹೊಳೆ ದಾಟಿದ ಇಲಿ, ದಡ ಹತ್ತಿರವಾದಾಗ ಮುಂದಕ್ಕೆ ನೆಗೆದು ಮೊದಲ ಸ್ಥಾನ ಪಡೆಯುತ್ತದೆ. ನಿಮ್ಮ ಗುಂಪಿನ ಮಕ್ಕಳಲ್ಲಿ ಹೆಚ್ಚಿನವರು ಇಲಿಯ ವರ್ಷದಲ್ಲಿ, ಅಂದರೆ 2020ರ ಜನವರಿ 25ರಿಂದ ಒಂದು ವರ್ಷದ ಅವಧಿಯಲ್ಲಿ, ಅಥವಾ 2021ರ ಫೆಬ್ರವರಿ 12ರಂದು ಆರಂಭವಾದ ಎತ್ತಿನ ವರ್ಷದಲ್ಲಿ ಹುಟ್ಟಿರಬೇಕು. ಕಥೆಯ ಇಬ್ಬರು ನಾಯಕರೂ ತರಗತಿಯಲ್ಲೇ ಇದ್ದಾರೆ! 'ಐ ಆಮ್ ಎ ರ್ಯಾಟ್', 'ಐ ಆಮ್ ಆನ್ ಆಕ್ಸ್' ಎಂದು ಎರಡು ಸಾಲಾಗಿ ನಿಲ್ಲಿಸಿ ಕಥೆಯನ್ನು ಆಡಿಸಿದರೆ 'ಫಸ್ಟ್', 'ಸೆಕೆಂಡ್' ಎಂಬ ಕ್ರಮವಾಚಕಗಳೂ, ಮ್ಯಾಂಡರಿನ್‌ನಲ್ಲಿ ಇಲ್ಲವೇ ಇಲ್ಲದ 'ಎ', 'ಆನ್' ಕೂಡ ಆಟದೊಳಗೇ ಕೂರುತ್ತವೆ.

ಸಮಾಧಿಗಳನ್ನು ಶುಚಿಗೊಳಿಸುವ ಏಪ್ರಿಲ್ ಆರಂಭದ ಚಿಂಗ್‌ಮಿಂಗ್ ಮತ್ತು ಪ್ರೇತಗಳ ತಿಂಗಳೆನ್ನುವ ಏಳನೆಯ ಮಾಸವನ್ನು ಮಾತ್ರ ಪಾಠಕ್ಕೆ ಎಳೆಯದಿರುವುದು ಲೇಸು. ಕೆಲವು ಮನೆಗಳಲ್ಲಿ ಅವುಗಳ ಮಾತನ್ನು ಹಗುರವಾಗಿ ಆಡುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂಗತಿ: ಹಣ್ಣು ಸುಲಿಯುತ್ತ ಕೂತರೆ ಎ, ಬಿ, ಸಿ ಬರೆಯಲು ಕಲಿಯುವುದು ಯಾವಾಗ ಎಂದು ಕೆಲವು ತಾಯಂದಿರು ಕೇಳುತ್ತಾರೆ. ಅವರ ಆತಂಕವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಉತ್ತರ 3 (ಚೆಂಗ್ಡು, ಚೀನಾ)

ಅವರಿಗೆ ಗೌರವದಿಂದಲೇ ಉತ್ತರಿಸಬಹುದು. ತೈವಾನಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಇಂಗ್ಲಿಷ್ ಮೂರನೆಯ ತರಗತಿಯಿಂದ ಆರಂಭವಾಗುತ್ತದೆ. ಒಂದನೆಯ ತರಗತಿಯ ಮೊದಲ ಹತ್ತು ವಾರಗಳನ್ನು ಮ್ಯಾಂಡರಿನ್ ಉಚ್ಚಾರ ತೋರಿಸುವ, ರೋಮನ್ ಅಲ್ಲದ ಝೂಯಿನ್ ಧ್ವನಿಲಿಪಿಗೇ ಮೀಸಲಿಡುತ್ತಾರೆ. ಅದಕ್ಕೂ ಮೊದಲು ಮಗುವಿನ ಕಿವಿಯಲ್ಲಿ ಇಂಗ್ಲಿಷ್ ತುಂಬಿದ್ದರೆ ಅಕ್ಷರ ಬಂದಾಗ ಅದು ಪರಿಚಿತ ಧ್ವನಿಗೆ ಅಂಟಿಕೊಳ್ಳುತ್ತದೆ. ಇಲ್ಲಿ ಚೀನಾದ ನಮ್ಮ ಮಕ್ಕಳಿಗೆ ಪಿನ್‌ಯಿನ್‌ನಲ್ಲಿ, ಅಂದರೆ ಮ್ಯಾಂಡರಿನ್ ಉಚ್ಚಾರದ ರೋಮನ್ ಬರಹದಲ್ಲಿ, ಇಂಗ್ಲಿಷಿನ ಅದೇ ಅಕ್ಷರಗಳನ್ನು ಬೇರೆ ಧ್ವನಿಗಳಿಗೆ ಕಲಿಸುವುದರಿಂದ ಗೊಂದಲ ಇನ್ನೂ ಹೆಚ್ಚು. ನಾನು ಮಾಡುವುದಿಷ್ಟು: ಹಬ್ಬದ ಚಿತ್ರವೊಂದನ್ನು ಮಗು ಬರೆದ ಮೇಲೆ, ಅದು ಬಾಯಲ್ಲಿ ಹೇಳಿದ ಒಂದು ವಾಕ್ಯವನ್ನು ನಾನು ಕೆಳಗೆ ಬರೆದು ಮನೆಗೆ ಕಳುಹಿಸುತ್ತೇನೆ. 'ಐ ಈಟ್ ಮೂನ್‌ಕೇಕ್ಸ್ ವಿತ್ ಗ್ರ್ಯಾಂಡ್ಮಾ' ಎಂಬ ಸಾಲನ್ನು ಮಗು ಬೆರಳಿಟ್ಟು ಓದಿ ತೋರಿಸಿದರೆ ತಾಯಿಗೂ ಸಮಾಧಾನ, ಅಜ್ಜಿಗೂ ಸಂತೋಷ.

ಎಲ್ಲ ಚೀನೀ ಮನೆಗಳ ಹಬ್ಬ ಒಂದೇ ರೀತಿಯದೆಂದು ಭಾವಿಸಬೇಡಿ ಎಂಬುದು ನನ್ನ ಮುಖ್ಯ ಕೋರಿಕೆ. ಚಂದ್ರನ ಹಬ್ಬದಂದು ಮನೆಯ ಹೊರಗೆ ಕೆಂಡದ ಮೇಲೆ ಮಾಂಸ ಸುಡುವುದು ತೈವಾನಿನಲ್ಲಿ ಕೆಲವು ದಶಕಗಳಿಂದ ಬೆಳೆದುಬಂದ ರೂಢಿ. ಇಲ್ಲಿನ ಮಕ್ಕಳಿಗೆ ಅದು ಗೊತ್ತಿಲ್ಲ. ಹೊಸ ವರ್ಷಕ್ಕೆ ಉತ್ತರದವರು ಗೋಧಿ ಹಿಟ್ಟಿನಲ್ಲಿ ಹೂರಣ ತುಂಬಿದ ಜಿಯಾವ್‌ಜಿ ಕಡುಬು ಮಾಡಿದರೆ ದಕ್ಷಿಣದ ಹಲವೆಡೆ ಅಕ್ಕಿಹಿಟ್ಟಿನ ತಿನಿಸಾದ ನಿಯನ್‌ಗಾವ್ ಬೇಕೇಬೇಕು. 'ವಾಟ್ ಡು ಯು ಈಟ್?' ಎಂದು ಒಬ್ಬೊಬ್ಬರನ್ನೂ ಕೇಳಿದಾಗ ಉತ್ತರಗಳು ನಿಜವಾಗಿಯೂ ಬೇರೆ ಬೇರೆ ಬರುತ್ತವೆ, ಆಗ ಒಬ್ಬರ ಮಾತನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಲು ಕಾರಣವೊಂದು ಸಿಗುತ್ತದೆ. ಮುಂದಿನ ಹೊಸ ವರ್ಷ 2027ರ ಫೆಬ್ರವರಿ 6ಕ್ಕೆ ಬರುವುದರಿಂದ ಜನವರಿಯಲ್ಲೇ ಕೆಂಪು ಲಕೋಟೆಯ ಆಟ ಆರಂಭಿಸಬಹುದು. ಲಕೋಟೆಯನ್ನು ಎರಡೂ ಕೈಗಳಲ್ಲಿ ಪಡೆಯಬೇಕು, ಕೊಟ್ಟವರ ಎದುರಿಗೇ ತೆರೆಯಬಾರದು ಎಂಬುದನ್ನು ಮಕ್ಕಳೇ ನಿಮಗೆ ಕಲಿಸುತ್ತಾರೆ.