ಜಿಯಾಲಜಿ ಓದುವ ಮಗಳಿಗೆ ಬೇಸಿಗೆ ರಜೆಯಲ್ಲಿ ಸಂಶೋಧನೆ ಕೆಲಸ: ಅನುಭವ ಇದ್ದವರು ಹೇಳಿ

ನಮಸ್ಕಾರ. ನಾವು ರಾಜಾಜಿನಗರದವರು. ಮಗಳು ಬಿ.ಎಸ್‌ಸಿ. ಎರಡನೇ ವರ್ಷ, ಜಿಯಾಲಜಿ ಇಷ್ಟಪಟ್ಟು ತಗೊಂಡಿದ್ದಾಳೆ. ರಜೆಯಲ್ಲಿ ಎಲ್ಲಾದರೂ ಸಂಶೋಧನೆ ಕೆಲಸ ಕಲಿಯಬೇಕು ಅಂತ ಅವಳಿಗೆ ಆಸೆ. ನಮ್ಮ ಮನೆಯಲ್ಲಿ ಇದನ್ನು ಓದಿದವರು ಯಾರೂ ಇಲ್ಲ. ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು? ಹೆಣ್ಣುಮಗಳು ಬೆಟ್ಟ ಗುಡ್ಡ ಅಂತ ಅಲೆಯಬೇಕಲ್ಲ, ಆ ಚಿಂತೆಯೂ ಇದೆ.

ಉತ್ತರ 1

ಮೇಡಂ, ನಾನೂ ಬೆಂಗಳೂರಲ್ಲೇ ಜಿಯಾಲಜಿ ಓದಿದವಳು. ಶುರುವಿನಲ್ಲಿ ಒಂದೇ ಪತ್ರ ಬರೆದು, ಹೆಸರು ಮಾತ್ರ ಬದಲಾಯಿಸಿ ಮೂವತ್ತು ಪ್ರೊಫೆಸರುಗಳಿಗೆ ಮೇಲ್ ಕಳಿಸಿದ್ದೆ. ಒಬ್ಬರಿಂದಲೂ ಉತ್ತರ ಬರಲಿಲ್ಲ. ಆಮೇಲೆ ನಮ್ಮ ಲೆಕ್ಚರರ್ ಕೂರಿಸಿಕೊಂಡು ಹೇಳಿದರು, ಒಬ್ಬರದ್ದು ಒಂದೇ ಒಂದು ಸಂಶೋಧನಾ ಪೇಪರ್ ಓದು, ಅರ್ಥವಾಗದ್ದನ್ನು ಅವರನ್ನೇ ಕೇಳು ಅಂತ. ಆ ಪೇಪರ್ ಓದೋದಕ್ಕೆ ಹತ್ತು ದಿನ ಹಿಡಿಯಿತು. ಜಿರ್ಕಾನ್ ಅಂದರೆ ಕಲ್ಲಿನ ವಯಸ್ಸು ಅಳೆಯಲು ಬಳಸುವ ಪುಟ್ಟ ಖನಿಜದ ಹರಳು. ಒಂದೇ ಕಲ್ಲಿನ ಜಿರ್ಕಾನ್ ಹರಳುಗಳು ಬೇರೆ ಬೇರೆ ವಯಸ್ಸು ತೋರಿಸುವುದು ಯಾಕೆ ಅಂತ ಕೇಳಿ ಬರೆದೆ. ಮೂರನೇ ದಿನ ಉತ್ತರ ಬಂತು, ಬಿಡುವಿದ್ದಾಗ ಲ್ಯಾಬಿಗೆ ಬಾ ಅಂತಲೂ ಇತ್ತು.

ಅಲ್ಲಿ ಮೊದಲ ಎರಡು ವಾರ ನಾನು ಮಾಡಿದ್ದು ಕಲ್ಲು ಉಜ್ಜುವ ಕೆಲಸ. ಕಲ್ಲಿನ ತೆಳು ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಕಾರ್ಬೊರಂಡಮ್ ಪುಡಿ ನೀರು ಹಾಕಿ ಉಜ್ಜುತ್ತಾ ಉಜ್ಜುತ್ತಾ 0.03 ಮಿಲಿಮೀಟರ್ ದಪ್ಪಕ್ಕೆ ಇಳಿಸಬೇಕು, ಆಗ ಬೆಳಕು ಒಳಗಿಂದ ಹಾಯುತ್ತದೆ. ಎಷ್ಟು ತೆಳುವಾಯಿತು ಅನ್ನೋದನ್ನು ಕಲ್ಲೇ ಹೇಳುತ್ತದೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು ಹಾಯಿಸಿ ನೋಡುವ ಪೋಲರೈಸಿಂಗ್ ಮೈಕ್ರೋಸ್ಕೋಪಿನಲ್ಲಿ ಕ್ವಾರ್ಟ್ಸ್, ಅಂದರೆ ನಮ್ಮ ಬೆಣಚುಕಲ್ಲು, ಹಳದಿ ಕಂಡರೆ ಇನ್ನೂ ದಪ್ಪ ಇದೆ ಅಂತ ಅರ್ಥ. ಬೂದು ಬಣ್ಣಕ್ಕೆ ತಿರುಗಿದರೆ ಸರಿ. ಮೊದಲ ನಾಲ್ಕು ಬಿಲ್ಲೆ ಹಾಳಾದವು. ಐದನೆಯದು ಬೂದು ಬಣ್ಣಕ್ಕೆ ಬಂದ ದಿನ ಅಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದ್ದೆ. ಇವತ್ತು ನನಗೆ ಗೊತ್ತಿರುವ ಪಾಠದಲ್ಲಿ ಅರ್ಧ ಆ ಎರಡು ವಾರದ್ದು. ಅದಕ್ಕೇ ಹೇಳುತ್ತೇನೆ, ದೊಡ್ಡ ಸಂಸ್ಥೆಯ ಹೆಸರಿಗಿಂತ ಕೈಗೆ ಕೆಲಸ ಕೊಡುವ ಲ್ಯಾಬ್ ಹುಡುಕಿ.

ಅರ್ಜಿ ಹಾಕಿ ಹೋಗುವ ದಾರಿಗಳೂ ಇವೆ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ನಡೆಸುತ್ತವೆ. ಅದರಲ್ಲಿ ಒಂದು ಅಕಾಡೆಮಿ, ಸಿ.ವಿ. ರಾಮನ್ 1934ರಲ್ಲಿ ಶುರುಮಾಡಿದ್ದು, ನಮ್ಮ ಬೆಂಗಳೂರಲ್ಲೇ ಇದೆ. ಜಕ್ಕೂರಿನ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದಲ್ಲೂ ಬೇಸಿಗೆ ಫೆಲೋಶಿಪ್ ಇದೆ. ಬೇಸಿಗೆ ಅಂತ ಏಪ್ರಿಲ್‌ನಲ್ಲಿ ಹುಡುಕಬೇಡಿ, ಹಿಂದಿನ ವರ್ಷದ ಕೊನೆಯಲ್ಲೇ ಕಣ್ಣಿಟ್ಟಿರಿ. ಐಐಎಸ್‌ಸಿಯಲ್ಲಿ, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಭೂವಿಜ್ಞಾನ ಕೇಂದ್ರ ಇದೆ. ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಸುಮಾರಿಗೆ ಓಪನ್ ಡೇ ಇರುತ್ತದೆ, ಯಾರು ಬೇಕಾದರೂ ಹೋಗಬಹುದು. ಅಲ್ಲಿ ಪಿಎಚ್‌ಡಿ ಹುಡುಗ ಹುಡುಗಿಯರ ಜೊತೆ ಮಾತಾಡಲಿ. ಯಾವ ಲ್ಯಾಬಿನಲ್ಲಿ ಹೊಸಬರಿಗೆ ಕಲಿಸುತ್ತಾರೆ ಅಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ.

ಉತ್ತರ 2

ದುಡ್ಡು ತಗೊಂಡು ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡುವವರ ಹತ್ತಿರ ಹೋಗಬೇಡಿ. ನನ್ನ ತಮ್ಮ ಆರು ಸಾವಿರ ಕಟ್ಟಿದ. ನಾಲ್ಕು ವಿಡಿಯೋ ತೋರಿಸಿ ಕಳಿಸಿದರು. ಒಂದು ಕಲ್ಲನ್ನೂ ಮುಟ್ಟಲಿಲ್ಲ.

ಉತ್ತರ 3

ನಾನು ಹೈಸ್ಕೂಲ್ ಮೇಷ್ಟ್ರು. ಮಗಳಿಗೆ ಇನ್ನೊಂದು ದಾರಿ ಹೇಳುತ್ತೇನೆ: ಹತ್ತಿರದ ಶಾಲೆಗೆ ಹೋಗಿ ಮಕ್ಕಳಿಗೆ ಕಲ್ಲಿನ ಪಾಠ ಮಾಡಲಿ. ನಮ್ಮಲ್ಲಿಗೆ ಇಬ್ಬರು ಕಾಲೇಜು ಹುಡುಗಿಯರು ಬಂದಿದ್ದರು. ಒಂದು ಬಳಪದ ಕಲ್ಲು, ಒಂದು ಬೆಣಚುಕಲ್ಲು, ಮನೆಯ ಹಳೇ ಒರಳಿನ ಗುಂಡುಕಲ್ಲು, ಅಷ್ಟೇ ಸಾಮಾನು. ಬಳಪದ ಮೇಲೆ ಉಗುರಲ್ಲಿ ಗೀರಿದರೆ ಗೆರೆ ಬೀಳುತ್ತದೆ, ಬೆಣಚಿನ ಮೇಲೆ ಮೊಳೆಯಲ್ಲಿ ಗೀರಿದರೂ ಬೀಳಲ್ಲ. ಆರನೇ ಕ್ಲಾಸಿನ ಹುಡುಗಿ ಕೇಳಿದಳು, ಹಾಗಾದ್ರೆ ಒರಳಲ್ಲಿ ರುಬ್ಬಿದ ಹಿಟ್ಟಿಗೆ ಕಲ್ಲೂ ಸೇರುತ್ತಾ ಅಂತ. ಅವರಿಬ್ಬರಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮುಂದಿನ ವಾರ ಓದಿಕೊಂಡು ಬಂದು ಹೇಳಿದರು. ಇಂಥ ಪ್ರಶ್ನೆಗೆ ಸುಲಭವಾಗಿ ಉತ್ತರ ಕೊಡಲು ಕಲಿತವರು ಸಂದರ್ಶನದಲ್ಲಿ ತಡವರಿಸಲ್ಲ. ಅರ್ಜಿಯಲ್ಲೂ ಇದನ್ನು ಬರೆದುಕೊಳ್ಳಬಹುದು.

ಉತ್ತರ 4

ಚಿಂತೆಯ ವಿಷಯಕ್ಕೆ. ನನ್ನ ಮಗಳೂ ಫೀಲ್ಡಿಗೆ ಹೋಗುತ್ತಾಳೆ. ಒಂಟಿಯಾಗಿ ಕಳಿಸಲ್ಲ, ಗುಂಪಿನಲ್ಲೇ ಹೋಗೋದು. ಎಲ್ಲಿ ಉಳಿಯುತ್ತಾರೆ, ಜೊತೆಗೆ ಯಾವ ಮೇಡಂ ಇರುತ್ತಾರೆ ಅಂತ ಮೊದಲೇ ಕೇಳಿ. ಕೇಳೋದು ತಪ್ಪಲ್ಲ. ಶುರುವಿಗೆ ದೂರ ಹೋಗಬೇಕಾಗಿಯೂ ಇಲ್ಲ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ಇರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ರಾಮನಗರದ ಗ್ರಾನೈಟ್ ಬೆಟ್ಟಗಳು ಸುಮಾರು 250 ಕೋಟಿ ವರ್ಷದವು, ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು. ಎರಡನ್ನೂ ನೋಡಿ, ವ್ಯತ್ಯಾಸ ಬರೆದಿಡಲಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳು ಓದಿ ಖುಷಿಪಟ್ಟಳು. ಭಾನುವಾರ ಇಬ್ಬರೂ ಲಾಲ್‌ಬಾಗಿಗೆ ಹೊರಟಿದ್ದೇವೆ. ಏನು ತಗೊಂಡು ಹೋಗಬೇಕು?

ಉತ್ತರ 1

ಸುತ್ತಿಗೆ ಬೇಡ, ಆ ಬಂಡೆಯನ್ನು ಒಡೆಯಬಾರದು. ನೋಟ್‌ಬುಕ್, ಪೆನ್ಸಿಲ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಲೆನ್ಸ್. ಲೆನ್ಸನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು, ಮುಖವನ್ನೇ ಕಲ್ಲಿನ ಹತ್ತಿರ ಒಯ್ಯಬೇಕು, ಅಂದರೆ ಮಂಡಿ ಊರಲೇಬೇಕು. ಬಿಳಿ ಪಟ್ಟೆ, ಕಪ್ಪು ಪಟ್ಟೆ ಅಕ್ಕಪಕ್ಕ ಓಡುತ್ತವಲ್ಲ, ಕಪ್ಪಿನಲ್ಲಿ ಮಿನುಗುವುದು ಕಾಗೆಬಂಗಾರ. ಒಂಬತ್ತು ಗಂಟೆಯೊಳಗೆ ಹೋಗಿ, ಆಮೇಲೆ ಬಂಡೆ ಕಾಯುತ್ತದೆ.