ಇಬ್ರೇ ಇರೋ ಮನೆಗೆ 17 ಯೂನಿಟ್ ನೀರು, ಮೀಟರ್ ತಪ್ಪು ಓಡ್ತಿದ್ಯಾ?

ಪ್ರಶ್ನೆ:
ಬೆಂಗಳೂರಲ್ಲಿ ನಮ್ಮ ಅಪಾರ್ಟ್‌ಮೆಂಟಲ್ಲಿ ಮೊದ್ಲು ನೀರಿನ ಖರ್ಚನ್ನ ಚದರಡಿ ಲೆಕ್ಕದಲ್ಲಿ ಹಂಚ್ತಿದ್ರು, ಇಬ್ರೇ ಇರೋ ನಮಗೆ ಇದು ಅನ್ಯಾಯ ಅಂತ ಮೀಟಿಂಗಲ್ಲಿ ಪಟ್ಟು ಹಿಡಿದು ಮನೆಮನೆಗೂ ಮೀಟರ್ ಹಾಕಿಸಿದ್ದೇ ನಾನು. ಈಗ ಮೊದಲ ತಿಂಗಳೇ 17 ಯೂನಿಟ್, ಅಂದ್ರೆ 17 ಸಾವಿರ ಲೀಟರ್! ಐದು ಜನ ಇರೋ ಪಕ್ಕದ ಮನೆಗೂ ಅಷ್ಟೇ ಬಂದಿದೆ. ತುಂಬಾ ಬೇಜಾರಾಗಿದೆ, ವಾಪಸ್ ಹಳೇ ಲೆಕ್ಕಕ್ಕೇ ಹೋಗೋಣ ಅಂತ ಹೇಳ್ಲಾ?

ಉತ್ತರ:
ಅವಸರ ಮಾಡ್ಬೇಡಿ ಸಾರ್. ಮೊದ್ಲು ಮೀಟರನ್ನೇ ಚೆಕ್ ಮಾಡಿ. 20 ಲೀಟರ್ ಬಕೆಟ್ ಹತ್ತು ಸಲ ತುಂಬ್ಸಿ, ಮೀಟರಲ್ಲಿ 200 ಲೀಟರ್‌ಗೆ ನಾಲ್ಕೈದು ಲೀಟರ್ ಆಚೀಚೆ ಆದ್ರೆ ಏನೂ ತೊಂದ್ರೆ ಇಲ್ಲ. (ಕಪ್ಪು ಅಂಕಿ ಯೂನಿಟ್, ಕೆಂಪು ಅಂಕಿ ಲೀಟರ್.) ಆಮೇಲೆ ರಾತ್ರಿ ಎಲ್ಲಾ ನಲ್ಲಿ ಮುಚ್ಚಿ ಮೀಟರ್ ಫೋಟೋ ತೆಗೆದು ಮಲ್ಕೊಳ್ಳಿ, ಬೆಳಿಗ್ಗೆ ಯಾರೂ ನೀರು ಮುಟ್ಟೋ ಮುಂಚೆ ಇನ್ನೊಂದು ಫೋಟೋ ತೆಗೀರಿ.

ಪ್ರಶ್ನೆ ಕೇಳಿದವರು:
ಬಕೆಟ್ ಲೆಕ್ಕ ಸರಿ ಬಂತು, 203 ಲೀಟರ್. ಆದ್ರೆ ರಾತ್ರಿ 10ರಿಂದ ಬೆಳಿಗ್ಗೆ 6ರೊಳಗೆ 96 ಲೀಟರ್ ಓಡಿದೆ!

ಉತ್ತರ:
ಸಿಕ್ತು ನೋಡಿ. ಎಂಟು ಗಂಟೆಗೆ 96 ಅಂದ್ರೆ ದಿನಕ್ಕೆ 288 ಲೀಟರ್. ನಗರದಲ್ಲಿ ಒಬ್ರಿಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರದ ಮಾನದಂಡ, ಅಂದ್ರೆ ನಿಮ್ಮಿಬ್ರಿಗೆ 270. ನಿಮಗೆ ಗೊತ್ತಿಲ್ದೇ ಇನ್ನಿಬ್ರು ಆಗುವಷ್ಟು ನೀರು ಸುಮ್ನೆ ಹೋಗ್ತಿದೆ, ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ಕಾವೇರಿ ನೀರು ಸಾರ್, ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಫ್ಲಶ್ ಟ್ಯಾಂಕ್ ಮೇಲೇ ನನಗೆ ಅನುಮಾನ. ಬೀಟ್‌ರೂಟ್ ಬೇಯಿಸಿದ ನೀರನ್ನ ಟ್ಯಾಂಕಿಗೆ ಹಾಕಿ, ಫ್ಲಶ್ ಮಾಡ್ದೇ ಅರ್ಧ ಗಂಟೆ ಬಿಡಿ, ಕಮೋಡಲ್ಲಿ ಕೆಂಪು ಇಳಿದಿದ್ರೆ ವಾಷರ್ ಹೋಗಿದೆ.

ಇನ್ನೊಬ್ಬರು:
ಮೀಟರ್ ಮಾತ್ರ ತೆಗೆಸ್ಬೇಡಿ, ಚದರಡಿ ಲೆಕ್ಕ ಇದ್ದಿದ್ರೆ ಈ ಸೋರಿಕೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ, ದುಡ್ಡು ಎಲ್ರ ತಲೆ ಮೇಲೂ ಬೀಳ್ತಿತ್ತು. ನಮ್ಮಲ್ಲಿ ಪಂಪ್ ಕರೆಂಟು, ಗಿಡಗಳ ನೀರು ಎಲ್ಲಾ ಮನೆಗೂ ಸಮ, ಉಳಿದಿದ್ದು ಯೂನಿಟ್ ಲೆಕ್ಕ. ಹೀಗೆ ಎರಡು ಭಾಗ ಮಾಡಿದ ಮೇಲೆ ಜಗಳ ನಿಂತಿದೆ. ಮತ್ತೆ ಬಾತ್‌ರೂಮಿಗೊಂದು ಅಡುಗೆಮನೆಗೊಂದು ಅಂತ ಬೇರೆಬೇರೆ ಲೈನ್ ಇಳಿದಿದ್ರೆ ಪ್ರತಿ ಲೈನಿಗೂ ಮೀಟರ್ ಇದ್ಯಾ ನೋಡ್ಕೊಳ್ಳಿ, ಎಷ್ಟೋ ಕಡೆ ಒಂದು ಬಿಟ್ಟುಹೋಗಿರುತ್ತೆ.

ಪ್ರಶ್ನೆ ಕೇಳಿದವರು:
ಕೆಂಪು ಇಳೀತು! ಪ್ಲಂಬರ್ ವಾಷರ್ ಬಿಚ್ಚಿ ತೋರಿಸಿದ್ರು, ನೀರಿನ ಸುಣ್ಣ ಕಟ್ಟಿ ಅಂಚು ಸೆಟೆದುಕೊಂಡಿತ್ತು. ಹೊಸದು ಹಾಕಿಸ್ದೆ. ನಿನ್ನೆ ರಾತ್ರಿ ಫೋಟೋ, ಇವತ್ತು ಬೆಳಗಿನ ಫೋಟೋ, ಎರಡರಲ್ಲೂ ಅಂಕಿ ಒಂದೇ.