100 ಫಾರಂ ತುಂಬಿಸಿದರೆ ಸಂಶೋಧನೆ ಆಯಿತಾ? ನಮ್ಮ ಕೊಡಗಿನ ಡಿಗ್ರಿ ಮಕ್ಕಳ ಪ್ರಾಜೆಕ್ಟ್ ಬಗ್ಗೆ ಒಂದು ಚರ್ಚೆ

ವಿರಾಜಪೇಟೆ ಟೀಚರ್

ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತೇನೆ. ಬಿಕಾಂ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ವರದಿಗಳನ್ನು ಈ ವಾರ ಓದಿ ಮುಗಿಸಿದೆ. ಒಟ್ಟು 38. ಓದಿದ ಮೇಲೆ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿತು.

38ರಲ್ಲಿ 11 ವರದಿಗಳ ವಿಷಯ ಒಂದೇ, ಕೊಡಗಿನ ಪ್ರವಾಸೋದ್ಯಮ. ಹೆಚ್ಚುಕಡಿಮೆ ಎಲ್ಲದರಲ್ಲೂ ಉತ್ತರ ಕೊಟ್ಟವರು ಸರಿಯಾಗಿ 100 ಮಂದಿ. ಗೂಗಲ್ ಫಾರಂ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ, ಗೆಳೆಯರು ತುಂಬುತ್ತಾರೆ, ಪೈ ಚಾರ್ಟ್ ಬರುತ್ತದೆ. ಕಾಫಿ ಬೆಳೆಗಾರರ ಕಷ್ಟದ ಬಗ್ಗೆ ಬರೆದ ಒಂದು ವರದಿಯಲ್ಲಿ 100 ಬೆಳೆಗಾರರ ಪೈಕಿ 80ಕ್ಕೂ ಜಾಸ್ತಿ ಜನರ ವಯಸ್ಸು 18ರಿಂದ 22. ಅವರು ಬೆಳೆಗಾರರಲ್ಲ, ಕ್ಲಾಸ್‌ಮೇಟ್‌ಗಳು.

ಒಂದು ವರದಿ ಮಾತ್ರ ಬೇರೆ ಇತ್ತು. ಒಬ್ಬ ಹುಡುಗಿ ತನ್ನ ಅಜ್ಜಿಯ ದಿನಸಿ ಅಂಗಡಿಯ ಸಾಲದ ಪುಸ್ತಕಗಳನ್ನು ಇಟ್ಟುಕೊಂಡು ಕೂತಿದ್ದಾಳೆ. ಮೂರು ವರ್ಷದ ಪುಸ್ತಕ. ಪ್ರತಿ ತಿಂಗಳ ಸಾಲ ಕೂಡಿದ್ದಾಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಪುಟಗಳು ತುಂಬಿ ತುಳುಕುತ್ತವೆ. ಅಕ್ಕಿ, ಎಣ್ಣೆ, ಬೆಂಕಿಪೊಟ್ಟಣ, ಮಕ್ಕಳ ಛತ್ರಿ. ಜನವರಿಯಲ್ಲಿ ಕೊಯ್ಲಿನ ದುಡ್ಡು ಬಂದಾಗ ಒಂದೊಂದೇ ಹೆಸರಿನ ಮೇಲೆ ಅಡ್ಡಗೆರೆ. ಮಳೆಗಾಲದಲ್ಲಿ ಕೂಲಿಯವರ ಮನೆ ಹೇಗೆ ನಡೆಯುತ್ತದೆ ಎಂದು ಆ ಪುಸ್ತಕ ತೋರಿಸಿಕೊಟ್ಟಷ್ಟು ಯಾವ ಪೈ ಚಾರ್ಟೂ ತೋರಿಸಲಿಲ್ಲ.

ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ ಬಂದವರು ಅವಳಿಗೆ ಅಂಕ ಕಡಿಮೆ ಮಾಡಿದರು. ಕಾರಣ, ‘ಸ್ಯಾಂಪಲ್ ಸಾಲದು’, ಅಂದರೆ ನೋಡಿದ್ದು ತೀರಾ ಕಡಿಮೆ. ನಾನು ವಾದ ಮಾಡಿದೆ, ನಡೆಯಲಿಲ್ಲ. ನಿಮ್ಮ ಅಭಿಪ್ರಾಯ ಬೇಕು. ಯಾವುದು ಸಂಶೋಧನೆ?

ಅಮ್ಮತ್ತಿ ಬೆಳೆಗಾರ

ಮೇಡಂ, ಪ್ರಶ್ನೆ ಕೇಳಿಸಿಕೊಳ್ಳುವವರ ಕಡೆಯಿಂದ ನಾನು ಹೇಳುತ್ತೇನೆ. ಈ ವರ್ಷ ಫೆಬ್ರವರಿಯಲ್ಲಿ ನಮ್ಮ ತೋಟಕ್ಕೆ ಕಾಲೇಜಿನ ಮೂವರು ಮಕ್ಕಳು ಬಂದರು. ರೋಬಸ್ಟಾ ಕಾಫಿ ಕೊಯ್ಲು ಜೋರಾಗಿ ನಡೆಯುವ ಸಮಯ. ಕಣದಲ್ಲಿ ಕಾಫಿ ಹರಡಿದೆ, ಮೋಡ ಕಟ್ಟಿದೆ, ಟಾರ್ಪಾಲ್ ಎಳೆಯಬೇಕು. ಮಕ್ಕಳು ಪೆನ್ನು ಹಿಡಿದು ನಿಂತಿದ್ದಾರೆ. ಪಾಪ, ಅವರದೇನು ತಪ್ಪಿಲ್ಲ.

ಮೊದಲ ಪ್ರಶ್ನೆ, ನಿಮ್ಮ ತಿಂಗಳ ಆದಾಯ ಎಷ್ಟು? ಕಾಫಿಗೆ ತಿಂಗಳ ಆದಾಯ ಅಂತ ಇಲ್ಲವೇ ಇಲ್ಲ. ವರ್ಷಕ್ಕೆ ಒಂದು ಬೆಳೆ. 2024ರಲ್ಲಿ ರೋಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, 50 ಕೆ.ಜಿ. ಚೀಲಕ್ಕೆ 10,000 ರೂಪಾಯಿ ಮುಟ್ಟಿತು. ಅದಕ್ಕೆ ಕೆಲವೇ ವರ್ಷ ಹಿಂದೆ ಅದರ ಅರ್ಧವೂ ಇರಲಿಲ್ಲ. ನಾನು ಯಾವ ಬಾಕ್ಸಿಗೆ ಟಿಕ್ ಹಾಕಲಿ? ಇನ್ನು ಓಟಿ ಅಂದರೆ ಏನು ಎಂದು ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಂದು ಚೀಲ ಚೆರಿಯಲ್ಲಿ ಎಷ್ಟು ಕೆ.ಜಿ. ಬೀಜ ಬರುತ್ತದೋ ಅದರ ಮೇಲೆ ರೇಟು. ಒಂದೇ ದಿನ, ಒಂದೇ ಅಂಗಡಿಯಲ್ಲಿ ನನಗೂ ಪಕ್ಕದ ತೋಟದವರಿಗೂ ಬೇರೆ ಬೇರೆ ದುಡ್ಡು ಸಿಗುತ್ತದೆ. ಇದು ಗೊತ್ತಿಲ್ಲದೆ ‘ಬೆಲೆ ನಿಮಗೆ ತೃಪ್ತಿಯೇ’ ಎಂದು ಕೇಳಿದರೆ ಏನು ಹೇಳುವುದು?

ಮಳೆಗಾಲದಲ್ಲಿ ಬನ್ನಿ. ಕೂತು ಮಾತಾಡಲು ನಮಗೆ ಹೊತ್ತಿರುತ್ತದೆ. ಆದರೆ ಆಗ ನಿಮ್ಮ ಸೆಮಿಸ್ಟರ್ ಮುಗಿದಿರುತ್ತದೆ.

ಸಿದ್ದಾಪುರ, ಐದನೇ ಸೆಮ್

ನಮಸ್ತೆ ಮೇಡಂ, ಅಂಕಲ್. ಮುಂದಿನ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಮಾಡಬೇಕಾದವಳು ನಾನು. ನಮ್ಮ ಕಷ್ಟವನ್ನೂ ಸ್ವಲ್ಪ ಕೇಳಿ. ನಾವು ಸೇರಿದಾಗ ಪದವಿ ಮೂರು ವರ್ಷವೋ ನಾಲ್ಕೋ ಎಂಬುದೇ ಗೊಂದಲ. 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಬಂತು. ಸಂಶೋಧನೆಗೆ ಅಂತ ಇದ್ದ ನಾಲ್ಕನೇ ವರ್ಷ ಹೋಯಿತು. ಈಗ ಇರುವುದು ಒಂದು ಸೆಮಿಸ್ಟರ್, ಅದರಲ್ಲೇ ಉಳಿದ ಪೇಪರ್‌ಗಳು, ಇಂಟರ್ನಲ್‌ಗಳು. ಸಂಜೆ ಐದರ ಬಸ್ ತಪ್ಪಿದರೆ ಮನೆಗೆ ಹೋಗಲು ಆಟೊಗೆ ದುಡ್ಡಿಲ್ಲ.

ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲು ಮನೆಗಳಲ್ಲಿ ಇರುವವರ ಸಾಲದ ಬಗ್ಗೆ ಮಾಡಬೇಕು ಅಂತ ನನಗೆ ಆಸೆ. ನನ್ನ ಅಮ್ಮ ಕಾಫಿ ಕೊಯ್ಲಿಗೆ ಹೋಗುತ್ತಾರೆ. ಆದರೆ ತೋಟದೊಳಗೆ ಹೋಗಿ ಕೇಳಲು ಯಾರೂ ಬಿಡುವುದಿಲ್ಲ. ಒಂದು ಕಡೆ ತೋಟದ ಲೆಕ್ಕ ನೋಡುವ ರೈಟರ್ ಪಕ್ಕದಲ್ಲೇ ನಿಂತರು. ‘ಎಲ್ಲಾ ಚೆನ್ನಾಗಿದೆ’ ಎಂದರು ಎಲ್ಲರೂ. ಅದನ್ನು ಬರೆದರೆ ಸುಳ್ಳು, ಬರೆಯದಿದ್ದರೆ ಬರೆಯಲು ಏನೂ ಇಲ್ಲ.

ಅಮ್ಮತ್ತಿ ಬೆಳೆಗಾರ

ಮಗಳೇ, ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡ. ಲೈನ್ ಮನೆ ಎಂದ ಕೂಡಲೇ ಬೆಳೆಗಾರರನ್ನು ಕೆಟ್ಟವರು ಮಾಡುವ ವರದಿಗಳೇ ಜಾಸ್ತಿ. ಉತ್ತರ ಮೊದಲೇ ಬರೆದುಕೊಂಡು ಆಮೇಲೆ ಪ್ರಶ್ನೆ ಕೇಳಲು ಬರುತ್ತಾರೆ. ನನಗಿರುವುದು 12 ಎಕರೆ. ಕೆಲಸದವರು ಸಿಗದೆ ಕಾಫಿ ನೆಲಕ್ಕೆ ಉದುರಿದ್ದನ್ನು ನೋಡಿ ಅತ್ತವನು ನಾನು. ಅದನ್ನೂ ಬರೆಯುತ್ತೀಯಾ?

ತಿತಿಮತಿ ಮೇಷ್ಟ್ರು

ಸಾರ್, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ರೈಟರ್ ನಿಂತ ಕಡೆ ನಿಜ ಹೊರಬರುವುದಿಲ್ಲ ಎಂಬ ಆ ಹುಡುಗಿಯ ಮಾತು ನಿಜ. ಅದಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ.

ನಾನು ಹಾಡಿ, ಅಂದರೆ ಆದಿವಾಸಿಗಳ ಊರಿನ ಮಕ್ಕಳಿಗೆ ಪಾಠ ಮಾಡಿದವನು. ಅಲ್ಲಿಗೂ ಫಾರಂ ಹಿಡಿದು ಬರುತ್ತಾರೆ. ಫಾರಂ ಇಂಗ್ಲಿಷಿನಲ್ಲಿ ಇರುತ್ತದೆ. ಬಂದವರು ಕನ್ನಡದಲ್ಲಿ ಕೇಳುತ್ತಾರೆ, ಏಳನೇ ಕ್ಲಾಸಿನ ಹುಡುಗ ಅದನ್ನು ಎರವ ಭಾಷೆಯಲ್ಲಿ ಅಜ್ಜಿಗೆ ಹೇಳುತ್ತಾನೆ. ಉತ್ತರ ಅದೇ ದಾರಿಯಲ್ಲಿ ವಾಪಸ್. ‘ನಿಮಗೆ ಎಷ್ಟು ಎಕರೆ ಜಮೀನಿದೆ’ ಎಂದು ಕೇಳಿದ ದಿನ ಆ ಅಜ್ಜಿ ಎದ್ದು ಒಳಗೆ ಹೋದರು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಜಮೀನಿನ ಹಕ್ಕಿಗೆ ಅರ್ಜಿ ಹಾಕಿ ಕಾದವರು ಅವರು.

ಸರ್ಕಾರದ ನೀತಿಗಳ ಬಗ್ಗೆ ಓದುವ ಮಕ್ಕಳಿಗೆ ಅಲ್ಲೇ ಒಂದು ಒಳ್ಳೆಯ ಕೆಲಸ ಇದೆ. ಈ ಅರ್ಜಿ ಮೊದಲು ಗ್ರಾಮಸಭೆಗೆ ಬರಬೇಕು, ಅಲ್ಲಿಂದ ಉಪವಿಭಾಗ ಸಮಿತಿಗೆ, ಆಮೇಲೆ ಜಿಲ್ಲಾ ಸಮಿತಿಗೆ. ಒಂದೇ ಒಂದು ಹಾಡಿಯನ್ನು ತೆಗೆದುಕೊಳ್ಳಿ. ಯಾವ ಅರ್ಜಿ ಯಾವ ಮೇಜಿನ ಮೇಲೆ ನಿಂತಿದೆ, ಯಾವ ಕಾಗದ ಇಲ್ಲ ಎಂದು ನಿಂತಿದೆ, ಅಷ್ಟೇ ಬರೆಯಿರಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಬಿಎ ಓದುವವರು ಮಾಡಬಹುದಾದ ಕೆಲಸವೇ. ಹಾಡಿಯವರಿಗೆ ಆ ಪಟ್ಟಿ ನಿಜವಾಗಿ ಬೇಕು.

ಬೆಂಗಳೂರಿನಲ್ಲಿರುವ ಮಡಿಕೇರಿಯವನು

ಸರ್ಕಾರದ ಯೋಜನೆಗಳ ಮೌಲ್ಯಮಾಪನ ಮಾಡುವ ಕಡೆ ಕೆಲಸ ಮಾಡುತ್ತೇನೆ. ಮೇಡಂ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ವಾಟ್ಸಾಪ್ ಗುಂಪಿನ 100 ಜನ ಅಂದರೆ 100 ಜನ ಅಲ್ಲ. ಒಂದೇ ವಯಸ್ಸು, ಒಂದೇ ಓದು, ಒಂದೇ ಊರಿನ ಗುಂಪು. 1,000 ಮಾಡಿದರೂ ಅದು ಸರಿಯಾಗುವುದಿಲ್ಲ. ಎಷ್ಟು ಜನರನ್ನು ಕೇಳಿದಿರಿ ಎಂಬುದಕ್ಕಿಂತ ಅವರನ್ನು ಹೇಗೆ ಆರಿಸಿದಿರಿ ಎಂಬುದು ದೊಡ್ಡದು. ಇದನ್ನು ವೈವಾಕ್ಕೆ ಬರುವವರೂ ಕಲಿಯಬೇಕು.

ಆದರೆ ಒಂದು ಅಂಗಡಿಯ ಪುಸ್ತಕ ನೋಡಿ ಕೊಡಗು ಹೀಗೆ ಎಂದು ಹೇಳಲಾಗದು. ಸೋಮವಾರಪೇಟೆಯ ಕಡೆ ಬೇರೆ ಬೆಳೆ, ಕುಟ್ಟದ ಕಡೆ ಬೇರೆ. ಯೋಜನೆಗೆ ಲೆಕ್ಕ ಬೇಕು, ಕಥೆ ಸಾಲದು. ಒಳ್ಳೆಯ ಲೆಕ್ಕ ನಮ್ಮಲ್ಲಿ ಇಲ್ಲದಿರುವುದೇ ತೊಂದರೆ. ಪೂರ್ತಿ ಜನಗಣತಿ ನಮ್ಮ ಕೈಯಲ್ಲಿರುವುದು 2011ರದ್ದು. ಆಗ ಕೊಡಗಿನಲ್ಲಿ 5,54,519 ಜನ. 2021ರಲ್ಲಿ ಆಗಬೇಕಿದ್ದದ್ದು ಮುಂದಕ್ಕೆ ಹೋಯಿತು. ಆಮೇಲೆ ಅಸ್ಸಾಂನಿಂದ ತೋಟಕ್ಕೆ ಬಂದವರು, 2018ರ ಭೂಕುಸಿತದ ನಂತರ ಊರು ಬಿಟ್ಟವರು, ಈ ಬದಲಾವಣೆ ಯಾವುದೂ ಆ ಲೆಕ್ಕದಲ್ಲಿ ಇಲ್ಲ. ಆ ಖಾಲಿ ಜಾಗ ತುಂಬಲು ಕಾಲೇಜುಗಳು ಸೇರಿ ಒಂದೇ ಪ್ರಶ್ನೆಪಟ್ಟಿ ಮಾಡಬೇಕು.

ವಿರಾಜಪೇಟೆ ಟೀಚರ್

ಆ ಹುಡುಗಿ ಕೊಡಗಿನ ಬಗ್ಗೆ ಹೇಳಲೇ ಇಲ್ಲ. ವರದಿಯ ಹೆಸರಿನಲ್ಲೇ ‘ಒಂದು ಅಂಗಡಿಯ ಲೆಕ್ಕ’ ಎಂದು ಬರೆದಿದ್ದಳು. ತನಗೆ ಗೊತ್ತಿರುವುದು ಎಲ್ಲಿವರೆಗೆ ಎಂದು ಅವಳಿಗೆ ಗೊತ್ತಿತ್ತು. ಉಳಿದ 37 ಜನರಿಗೆ ಅದು ಗೊತ್ತಿರಲಿಲ್ಲ. 20 ವರ್ಷದವರಿಗೆ ನಾನು ಕಲಿಸಬೇಕಾದದ್ದು ಇದನ್ನೇ ಅಲ್ವಾ?

ಒಂದೇ ಪ್ರಶ್ನೆಪಟ್ಟಿ ಬೇಡ ಅನ್ನುವುದಿಲ್ಲ. ಆದರೆ ಅದು ಬಂದರೆ ಮಕ್ಕಳು ಮತ್ತೆ ಫಾರಂ ತುಂಬುವವರಾಗುತ್ತಾರೆ. ಪ್ರಶ್ನೆ ನಮ್ಮದು, ಕಾಲು ಅವರದು.

ಬೆಂಗಳೂರಿನಲ್ಲಿರುವ ಮಡಿಕೇರಿಯವನು

ಮೊದಲು ಶಿಸ್ತಿನಿಂದ ಎಣಿಸುವುದು ಕಲಿತರೆ ಪ್ರಶ್ನೆ ಆಮೇಲೆ ತಾನಾಗಿ ಬರುತ್ತದೆ ಎಂಬುದು ನನ್ನ ಅನುಭವ. ಇಲ್ಲಿ ನಾವಿಬ್ಬರೂ ಒಪ್ಪುವುದು ಕಷ್ಟ.

ಜಂಬೂರು ನಿವಾಸಿ

2018ರ ಆಗಸ್ಟಿನ ಭೂಕುಸಿತದಲ್ಲಿ ನಮ್ಮ ಮನೆ ಹೋಯಿತು. ಈಗ ಜಂಬೂರಿನ ಪುನರ್ವಸತಿ ಬಡಾವಣೆಯಲ್ಲಿದ್ದೇವೆ. ನಿಮ್ಮ ವಾದ ಪೂರ್ತಿ ಅರ್ಥವಾಗಲಿಲ್ಲ. ನನಗೆ ಗೊತ್ತಿರುವುದು ಇಷ್ಟು. ನಮ್ಮ ಮನೆಗೆ ಎಷ್ಟು ಸಲ ಸರ್ವೆಗೆ ಬಂದರು ಎಂದು ಲೆಕ್ಕ ಬಿಟ್ಟಿದ್ದೇನೆ. ಪ್ರತಿ ಸಲ ಅದೇ ರಾತ್ರಿಯ ಕಥೆ ಹೇಳಬೇಕು. ಯಾವ ಹೊತ್ತಿಗೆ ಶಬ್ದ ಬಂತು, ಮಕ್ಕಳನ್ನು ಹೇಗೆ ಎತ್ತಿಕೊಂಡಿರಿ. ಒಬ್ಬ ಹುಡುಗ ‘ನಿಮಗಾದ ಮಾನಸಿಕ ಒತ್ತಡ 1ರಿಂದ 5ರಲ್ಲಿ ಎಷ್ಟು’ ಎಂದು ಕೇಳಿದ. ನನ್ನ ಗಂಡ ಅವತ್ತು ಊಟ ಮಾಡಲಿಲ್ಲ.

ಬಂದವರಲ್ಲಿ ಒಬ್ಬರೂ ವಾಪಸ್ ಬಂದು ‘ಅಕ್ಕಾ, ನೀವು ಹೇಳಿದ್ದರಿಂದ ನಮಗೆ ಇದು ಗೊತ್ತಾಯಿತು’ ಎಂದು ಹೇಳಲಿಲ್ಲ. ಬರೆದದ್ದನ್ನು ಓದಿ ಹೇಳಿ ಸಾಕು. ಗೇಟಿನ ಹತ್ತಿರ ನಿಂತು ಓದಿದರೂ ಸಾಕು.

ವಿರಾಜಪೇಟೆ ಟೀಚರ್

ಅಕ್ಕಾ, ಇದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಮುಂದಿನ ಬ್ಯಾಚಿನಿಂದ ಒಂದು ನಿಯಮ ಮಾಡುತ್ತೇನೆ. ಮಾತಾಡಿಸಿದವರಿಗೆ ಎರಡು ಪುಟ ಕನ್ನಡದಲ್ಲಿ ಬರೆದು ಓದಿ ಹೇಳಿ ಬಂದ ಮೇಲೆಯೇ ವರದಿಗೆ ನನ್ನ ಸಹಿ. ‘ನನಗೆ ಈಗ ಮಾತಾಡಲು ಇಷ್ಟವಿಲ್ಲ’ ಎಂದರೆ ಅಲ್ಲಿಗೇ ಮುಗಿಯಿತು, ಒತ್ತಾಯ ಇಲ್ಲ.

ಕಕ್ಕಬ್ಬೆ ಹೋಂಸ್ಟೇ

ಹೆಸರಿನ ವಿಷಯವನ್ನೂ ಸೇರಿಸಿ ಮೇಡಂ. ‘ಹೆಸರು ಗುಟ್ಟಾಗಿಡುತ್ತೇವೆ’ ಎಂದು ಹೇಳಿ, ಆಮೇಲೆ ‘ಇಂಥ ಊರಿನ, ಮೂರು ರೂಮಿನ ಹೋಂಸ್ಟೇ ನಡೆಸುವ ವಿಧವೆ’ ಎಂದು ಬರೆದರು. ನಮ್ಮೂರಿನಲ್ಲಿ ಅಂಥವಳು ನಾನೊಬ್ಬಳೇ. ನನ್ನ ಬ್ಯಾಂಕ್ ಸಾಲ ಎಷ್ಟು ಎಂದು ಮದುವೆ ಮನೆಯಲ್ಲಿ ಜನ ಮಾತಾಡಿಕೊಂಡರು. ಕೊಡಗು ಸಣ್ಣದು. ಇಲ್ಲಿ ಹೆಸರು ತೆಗೆದರೆ ಸಾಲದು, ಊರೂ ತೆಗೆಯಬೇಕು.

ತಿತಿಮತಿ ಮೇಷ್ಟ್ರು

ಊರು ತೆಗೆದರೆ ಕೆಲವು ಸಲ ಕೆಲಸವೇ ಹೋಗುತ್ತದೆ ಅಮ್ಮ. ಹಾಡಿಯ ಅರ್ಜಿಗಳ ಪಟ್ಟಿಯಲ್ಲಿ ಹಾಡಿಯ ಹೆಸರು ಇಲ್ಲದಿದ್ದರೆ ಯಾವ ಅಧಿಕಾರಿ ಏನು ಮಾಡಬೇಕು? ಅದನ್ನು ಹಾಡಿಯವರೇ ಕೂತು ತೀರ್ಮಾನ ಮಾಡಲಿ. ಒಬ್ಬರ ಸಾಲದ ವಿಷಯ ಬೇರೆ, ಅದು ಹೊರಗೆ ಬರಲೇಬಾರದು.

ಸಿದ್ದಾಪುರ, ಐದನೇ ಸೆಮ್

ಮೇಡಂ, ಮೇಷ್ಟ್ರು ಹೇಳಿದ್ದನ್ನು ಓದುವಾಗ ಒಂದು ಯೋಚನೆ ಬಂತು. ತೋಟದೊಳಗೆ ಹೋಗುವುದು ಬೇಡ. ಶನಿವಾರ ಕೂಲಿ ಬಟವಾಡೆ ಆಗುತ್ತದೆ, ಭಾನುವಾರ ಎಲ್ಲರೂ ಸಿದ್ದಾಪುರ ಸಂತೆಗೆ ಬರುತ್ತಾರೆ. ಒಣಮೀನಿನ ಅಂಗಡಿ ಹತ್ತಿರ ಅಮ್ಮನ ಜೊತೆ ಕೆಲಸ ಮಾಡುವವರೇ ನಿಂತಿರುತ್ತಾರೆ. ಅಲ್ಲಿ ರೈಟರ್ ಇರುವುದಿಲ್ಲ. ನಾನು ಅಲ್ಲೇ ಕೇಳಬಹುದಾ?

ಇನ್ನೊಂದು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ 5 ಹೆಕ್ಟೇರ್ ಮತ್ತು 15 ಕೆಲಸದವರು ಎಂದು ಗೆರೆ ಹಾಕಿತ್ತು ಎಂದು ಕ್ಲಾಸಿನಲ್ಲಿ ಓದಿದೆವು. ಅದಕ್ಕಿಂತ ಸಣ್ಣ ತೋಟದಲ್ಲಿ ಇದ್ದವರಿಗೆ ಆ ಕಾಯ್ದೆಯ ಮನೆ, ಆಸ್ಪತ್ರೆ ಸೌಲಭ್ಯ ಯಾವುದೂ ಲೆಕ್ಕಕ್ಕಿರಲಿಲ್ಲ. ಅಮ್ಮ ಹೋಗುವ ತೋಟಗಳೆಲ್ಲ ಸಣ್ಣವೇ. ಸಂತೆಯಲ್ಲಿ ಸಿಗುವವರಲ್ಲಿ ಎಷ್ಟು ಜನ ಒಂದೇ ತೋಟದಲ್ಲಿ ವರ್ಷಪೂರ್ತಿ ಇರುತ್ತಾರೆ, ಎಷ್ಟು ಜನ ವಾರಕ್ಕೊಂದು ತೋಟ ಎಂದು ನೋಡಬೇಕು ಅನ್ನಿಸುತ್ತಿದೆ.

ಅಮ್ಮತ್ತಿ ಬೆಳೆಗಾರ

ಈ ಪ್ರಶ್ನೆ ಸರಿ ಇದೆ. ನಿನ್ನೆ ಕೋಪದಲ್ಲಿ ಬರೆದೆ, ಕ್ಷಮಿಸು ಮಗಳೇ.

ರಾತ್ರಿ ಅಪ್ಪನ ಕಾಲದ ಟ್ರಂಕ್ ತೆಗೆದು, ಕೆಲಸದವರ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕಗಳನ್ನು ನೋಡಿದೆ. ಹಳೆಯದರಲ್ಲಿ ಪ್ರತಿ ಸಾಲಿಗೂ ಒಂದು ಹೆಸರು. ಚೋಮಿ, ಬೊಳ್ಳಿ, ಕುಳಿಯ. ಹೆಸರಿನ ಮುಂದೆ ದಿನ ದಿನದ ಗೀಟು, ಮುಂಗಡ ಕೊಟ್ಟದ್ದು ಕೆಂಪು ಶಾಯಿಯಲ್ಲಿ. ‘ಬೊಳ್ಳಿ, ಮಗಳ ಮದುವೆ, ಎರಡು ದಿನ ರಜೆ’ ಎಂದು ಅಪ್ಪ ಬರೆದಿದ್ದಾರೆ. ಆಮೇಲೆ ನಾನು ಬರೆದ ಪುಸ್ತಕ ತೆಗೆದೆ. ಅದರಲ್ಲಿ ‘ಅಸ್ಸಾಂ ಗುಂಪು, 8’ ಎಂದು ಒಂದೇ ಸಾಲು. ಎಂಟು ಜನರ ಹೆಸರು ನನಗೆ ಗೊತ್ತಿಲ್ಲ. ದುಡ್ಡು ಗುಂಪಿನ ಮುಖ್ಯಸ್ಥನ ಕೈಗೆ ಹೋಗುತ್ತದೆ. ನಮ್ಮ ತೋಟದಲ್ಲಿ ಏನು ಬದಲಾಯಿತು ಎಂದು ನನಗೆ ಅಷ್ಟು ವರ್ಷ ಕಾಣಿಸದೇ ಇದ್ದದ್ದು ಒಂದು ರಾತ್ರಿಯಲ್ಲಿ ಕಾಣಿಸಿತು.

ಬೇಕಾದರೆ ಈ ಪುಸ್ತಕಗಳನ್ನು ಕೂತು ನೋಡು. ಮನೆಯಿಂದ ಹೊರಗೆ ಕೊಡುವುದಿಲ್ಲ, ಫೋಟೊ ಬೇಡ. ನಮ್ಮ ಕಡೆಯ ಕಷ್ಟವನ್ನೂ ಬರೆಯಬೇಕು.

ಬೆಂಗಳೂರಿನಲ್ಲಿರುವ ಮಡಿಕೇರಿಯವನು

ಸಾರ್, ಇಂಥ ಪುಸ್ತಕ ಹತ್ತು ತೋಟದಲ್ಲಿ ಸಿಕ್ಕರೆ ಅದು ದೊಡ್ಡ ಕೆಲಸ. ಸಣ್ಣದು, ದೊಡ್ಡದು ಎಂದು ತೋಟದ ಅಳತೆ ನೋಡಿ ಹತ್ತು ಆರಿಸುವುದಕ್ಕೆ ನಾನು ಸಹಾಯ ಮಾಡುತ್ತೇನೆ. ಶನಿವಾರ ರಾತ್ರಿ ಫೋನಿನಲ್ಲಿ ಸಿಗುತ್ತೇನೆ.

ವಿರಾಜಪೇಟೆ ಟೀಚರ್

ಮಗಳೇ, ನೀನು ನನ್ನ ಕಾಲೇಜಿನವಳಲ್ಲ. ಆದರೂ ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ನಾನು ಸಿದ್ದಾಪುರ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಅಮ್ಮನನ್ನೂ ಕರೆದುಕೊಂಡು ಬಾ. ಫಾರಂ ಬೇಡ, ಸಣ್ಣ ಪಾಕೆಟ್ ಪುಸ್ತಕ ಸಾಕು. ಹೆಸರು ಬರೆಯಬೇಡ. ಸಂತೆಗೆ ಬಂದವರಿಗೆ ಸಾಮಾನು ಹೊರುವುದಿರುತ್ತದೆ, ಮೂರು ಪ್ರಶ್ನೆಗಿಂತ ಜಾಸ್ತಿ ಬೇಡ. ‘ಮಾಲೀಕರ ಬಗ್ಗೆ ತೃಪ್ತಿ ಇದೆಯಾ’ ಎಂದು ಕೇಳುವ ಯೋಚನೆ ಇದ್ದರೆ ಬಿಟ್ಟುಬಿಡು. ಈ ವಾರ ಎಷ್ಟು ದಿನ ಕೆಲಸ ಸಿಕ್ಕಿತು, ಎಷ್ಟು ತೋಟದಲ್ಲಿ, ದುಡ್ಡು ಯಾರ ಕೈಯಿಂದ ಬಂತು. ಇಷ್ಟು ಕೇಳೋಣ.

ಅಮ್ಮತ್ತಿ ಬೆಳೆಗಾರ

ಸಂತೆ ಮುಗಿಸಿಕೊಂಡು ಮಧ್ಯಾಹ್ನ ಇಬ್ಬರೂ ಮನೆಗೆ ಬನ್ನಿ. ಊಟ ಇಲ್ಲೇ. ಟ್ರಂಕ್ ಇಳಿಸಿ ಇಟ್ಟಿರುತ್ತೇನೆ.